ಗಂಡು ನಾಯಿ ಸಾಕಿದ ಮನೆಯವರಿಗೆ



ಈ ಸಲದ ವಿಷಯ ಸ್ವಲ್ಪ ಸಂಕೋಚದ್ದು. ಹಪ್ಪಳ ಸಂಡಿಗೆ ಮಾತಿನ ನಡುವೆ ಇದೇನಪ್ಪಾ ಅಂತ ಮೂಗು ಮುರಿಯಬೇಡಿ. ಭದ್ರಾವತಿಯ ಸೋದರಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ಮನೆಯಲ್ಲಿ ಎಂಟು ತಿಂಗಳ ಲ್ಯಾಬ್ರಡಾರ್ ಗಂಡು ನಾಯಿ ಇದೆ. ಇತ್ತೀಚೆಗೆ ಬಂದವರ ಕಾಲು ತಬ್ಬಿಕೊಳ್ಳುತ್ತದೆ, ನೆಂಟರ ಮುಂದೆ ಮುಖ ಎತ್ತಲಾಗದಂತೆ ಮಾಡುತ್ತದೆ. ಕಾಲೇಜಿಗೆ ಹೋಗುವ ಮಗ, "ಆರು ತಿಂಗಳಿಗೇ ಆಪರೇಷನ್ ಮಾಡಿಸಬೇಕಿತ್ತು, ಆಗಲೇ ತಡವಾಯಿತು" ಅನ್ನುತ್ತಾನಂತೆ. ಯಜಮಾನರು, "ನನ್ನೆದುರು ಆ ಮಾತೇ ಎತ್ತಬೇಡ" ಅನ್ನುತ್ತಾರಂತೆ. ಅತ್ತೆಯವರಿಗೆ ಅದು ಪಾಪ. ಈ ಮೂವರಲ್ಲಿ ಒಬ್ಬರೂ ನಾಯಿಗೆ ಅನ್ನ ಕಲಸುವವರಲ್ಲ, ಅದು ಮಾಡಿದ ಗಲೀಜು ಬಳಿಯುವವರೂ ಅಲ್ಲ. "ಅಕ್ಕಾ, ಮಾಡಿಸಬೇಕೋ ಬೇಡವೋ? ಮಾಡಿಸುವುದಾದರೆ ಯಾವಾಗ? ನೀವೇ ಹೇಳಿ" ಅಂತ ಕಾಗದ ಮುಗಿಸಿದ್ದಾರೆ.

ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಈ ವಿದ್ಯಾನಗರದ ಮನೆಗೆ ಬಂದವಳು. ಆದರೆ ಇಷ್ಟು ವರ್ಷದಲ್ಲಿ ಮೂರು ನಾಯಿ, ಲೆಕ್ಕವಿಲ್ಲದಷ್ಟು ಬೆಕ್ಕು ಸಾಕಿದ್ದೇನೆ. ಪಶುವೈದ್ಯರನ್ನು ಬಿಡದೆ ಕೇಳಿದ್ದೇನೆ, ದೊಡ್ಡ ದೊಡ್ಡ ಪರಿಶೋಧನೆಗಳನ್ನು ಮಗಳ ಕೈಲಿ ಓದಿಸಿ ಕೇಳಿಸಿಕೊಂಡಿದ್ದೇನೆ. ಆ ಧೈರ್ಯದ ಮೇಲೆ ಬರೆಯುತ್ತೇನೆ.

ಮೊದಲು ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನಮ್ಮ ಕಡೆ ನಾಯಿಮರಿ ತರುವಾಗ ಎಲ್ಲರೂ ಗಂಡು ಮರಿಯನ್ನೇ ಯಾಕೆ ಆರಿಸುತ್ತೇವೆ? "ಹೆಣ್ಣಾದರೆ ವರ್ಷಕ್ಕೆರಡು ಸಲ ಬೆದೆಗೆ ಬರುತ್ತೆ, ಮರಿ ಹಾಕುತ್ತೆ, ಯಾರಿಗೆ ಬೇಕು ಆ ತಾಪತ್ರಯ" ಅಂತ ತಾನೇ? ಆರು ಮರಿಯಲ್ಲಿ ಮೂರು ಗಂಡಿಗೆ ಮನೆ ಸಿಗುತ್ತದೆ. ಉಳಿದ ಮೂರು ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಸಂತೆಮಾಳಕ್ಕೋ ಮೀನು ಮಾರ್ಕೆಟ್ಟಿನ ಹಿಂದಕ್ಕೋ ಹೋಗುತ್ತವೆ. ಬದುಕಿದ್ದು ಬೀದಿಯಲ್ಲಿ ಬೆಳೆಯುತ್ತದೆ. ವರ್ಷ ತುಂಬುವುದರೊಳಗೆ ಅದೂ ಬೆದೆಗೆ ಬರುತ್ತದೆ. ಆಗ ಗೇಟು ಹಾರಿ ಅದರ ಹಿಂದೆ ಓಡುವುದು ಯಾರು? ತಾಪತ್ರಯ ಬೇಡವೆಂದು ನಾವು ಆರಿಸಿ ತಂದ ಅದೇ ಗಂಡು! ಮರಿ ಬೀದಿಯಲ್ಲಿ ಹುಟ್ಟುತ್ತದೆ, ಒಡೆಯರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

"ಕಾರ್ತಿಕ ಮಾಸದ ನಾಯಿ" ಅನ್ನುವ ಬೈಗುಳ ನೀವೂ ಕೇಳಿರುತ್ತೀರಿ. ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮಳೆಗಾಲ ಕಳೆದು ಚಳಿ ಕಾಲಿಡುವ ಹೊತ್ತು ನಮ್ಮ ಬೀದಿ ನಾಯಿಗಳ ಬೆದೆಯ ಕಾಲ. ನಾಯಿಯ ಬಸುರು ಸುಮಾರು 63 ದಿನ. ಲೆಕ್ಕ ಹಾಕಿ, ಪುಷ್ಯದ ಕೊರೆಯುವ ಚಳಿಯಲ್ಲಿ ಮೋರಿಯೊಳಗೆ ಮರಿ. ಎರಡು ವರ್ಷದ ಹಿಂದೆ ನಮ್ಮ ಕ್ರಾಸಿನ ಕೊನೆಯ ಮೋರಿಯಲ್ಲಿ ಹಾಗೇ ಆಯಿತು. ಒಂದು ಬಡಕಲು ಹೆಣ್ಣು ನಾಯಿ ಏಳು ಮರಿ ಹಾಕಿತು. ಚಳಿಗೆ ಮೂರು ಹೋದವು, ಒಂದರ ಮೇಲೆ ಆಟೋ ಹತ್ತಿತು. ತಾಯಿ ನಾಯಿ ಕಂಗಾಲಾಗಿ ಹೋಗಿಬರುವವರಿಗೆಲ್ಲ ಹಲ್ಲು ತೋರಿಸತೊಡಗಿತು. ಟ್ಯೂಷನ್ನಿಗೆ ಹೊರಟ ಹುಡುಗನೊಬ್ಬನ ಮೀನಖಂಡಕ್ಕೆ ಕಚ್ಚಿಯೇಬಿಟ್ಟಿತು. ಅವನ ತಾಯಿ ಜಾಣೆ. ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ಬಿಡದೆ ತೊಳೆದು, ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬರೆದುಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಎಲ್ಲ ಚುಚ್ಚುಮದ್ದನ್ನೂ ಹಾಕಿಸಿದರು. (ಇದನ್ನು ಅಡುಗೆಮನೆ ಗೋಡೆಗೆ ಬರೆದಿಟ್ಟುಕೊಳ್ಳಿ: ಕಚ್ಚಿದ ಗಾಯಕ್ಕೆ ಸುಣ್ಣ, ಖಾರದಪುಡಿ, ಅರಿಶಿನ ಯಾವುದೂ ಬೇಡ, ಸೋಪು ನೀರು, ಆಮೇಲೆ ನೇರ ಆಸ್ಪತ್ರೆ.)

ಆ ಮರಿಗಳಲ್ಲಿ ಎರಡಕ್ಕೆ ನಮ್ಮ ಪಕ್ಕದ ರಸ್ತೆಯ ಒಂದು ಸಾಕುನಾಯಿಯದ್ದೇ ಅಚ್ಚಬಿಳಿ ಕಾಲು, ಅದೇ ಮುರಿದ ಕಿವಿ. ಇಡೀ ಓಣಿಗೆ ಗೊತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಆ ನಾಯಿಯೂ ಬಹಳ ದಿನ ಉಳಿಯಲಿಲ್ಲ. ಮುಂದಿನ ಕಾರ್ತಿಕದಲ್ಲಿ ಇನ್ನೊಂದು ಹೆಣ್ಣಿನ ಬೆನ್ನಟ್ಟಿ ಬಿ.ಎಚ್. ರಸ್ತೆ ದಾಟುವಾಗ ಲಾರಿಗೆ ಸಿಕ್ಕಿತು. ಆ ಮನೆಯಾಕೆ ಮೂರು ದಿನ ಊಟ ಬಿಟ್ಟಿದ್ದರು.

ಆದ್ದರಿಂದ ಗಂಡು ನಾಯಿಯ ಆಪರೇಷನ್ ಅಂದರೆ ಊರ ಮೇಲಿನ ಉಪಕಾರ ಅಂತ ಯಾರಾದರೂ ಹೇಳಿದರೆ ನಾನು ಪೂರ್ತಿ ಒಪ್ಪುವುದಿಲ್ಲ. ಅದು ಮೊದಲು ನಾಯಿಯ ಜೀವದ ಪ್ರಶ್ನೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಅನ್ನ ಬಿಡುತ್ತದೆ, ರಾತ್ರಿಯೆಲ್ಲ ಊಳಿಡುತ್ತದೆ, ಕಾಂಪೌಂಡು ಹಾರುತ್ತದೆ. ಹತ್ತು ಗಂಡುಗಳ ಜೊತೆ ಕಚ್ಚಾಡಿ ಬರುತ್ತದೆ. ಆ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ. ನಮ್ಮ ಮಲೆನಾಡಿನ ಅಂಚಿನ ಹಳ್ಳಿಗಳಲ್ಲಾದರೆ ರಾತ್ರಿ ಅಲೆಯುವ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುವುದೂ ಉಂಟು. ಇನ್ನೊಂದು ರೋಗವಿದೆ, ಅದರ ಹೆಸರೇ ಬಹಳ ಜನಕ್ಕೆ ಗೊತ್ತಿಲ್ಲ. ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಒಂದು ಬಗೆಯ ಗಂತಿ. ಜನನೇಂದ್ರಿಯದ ಹತ್ತಿರ ಹೂಕೋಸಿನ ಹಾಗೆ ಕೆಂಪಗೆ ಬೆಳೆದು ರಕ್ತ ಜಿನುಗುತ್ತದೆ. ನಮ್ಮ ದೇಶದ ಬೀದಿ ನಾಯಿಗಳಲ್ಲಿ ಇದು ಸಾಮಾನ್ಯ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದು ಕೊಟ್ಟರೆ ಬಹುಪಾಲು ವಾಸಿಯಾಗುತ್ತದೆ, ಆದರೆ ಅಷ್ಟು ವಾರ ನಾಯಿಯನ್ನು ಹೊತ್ತು ಓಡಾಡುವವರು ಯಾರು? ನಾವೇ ತಾನೇ?

ಇನ್ನು ಪಾಪದ ಮಾತು. ನಮ್ಮ ಅತ್ತೆಯವರೂ ಇದನ್ನೇ ಹೇಳಿದ್ದರು. "ಮೂಕಪ್ರಾಣಿ ಕಣೇ, ಅದರ ಗಂಡುತನ ಕಳೆದರೆ ಶಾಪ ತಟ್ಟುತ್ತೆ." ನಾನು ಎದುರು ಮಾತಾಡಲಿಲ್ಲ, ಒಂದು ಪ್ರಶ್ನೆ ಕೇಳಿದೆ. "ಅತ್ತೆ, ನಿಮ್ಮ ತವರಿನಲ್ಲಿ ಗದ್ದೆ ಹೂಡುತ್ತಿದ್ದ ಜೋಡೆತ್ತು ಹೋರಿಯಾಗಿಯೇ ಇದ್ದವೇ?" ಅತ್ತೆಗೆ ನಗು ಬಂತು. ಹೋರಿಗೆ ಬೀಜ ಒಡೆಸಿದ ಮೇಲೇ ಅದು ಎತ್ತು. ಹಿಂದೆ ಅದನ್ನು ಮರದ ತುಂಡಿನ ನಡುವೆ ಇಟ್ಟು, ಅರಿವಳಿಕೆ ಇಲ್ಲದೆ ಜಜ್ಜುತ್ತಿದ್ದರು. ಆಮೇಲೆ ದನದ ಆಸ್ಪತ್ರೆಗಳಿಗೆ ಬರ್ಡಿಜೋ ಎಂಬ ದೊಡ್ಡ ಇಕ್ಕಳ ಬಂತು. ಅಜ್ಜಂಪುರದ ಅಮೃತಮಹಲ್ ತಳಿಯ ಎತ್ತುಗಳು ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದವು ಅಂತ ಹೆಮ್ಮೆಯಿಂದ ಹೇಳುತ್ತೇವಲ್ಲ, ಎತ್ತಾದವೂ ಹೀಗೆಯೇ. ಶಿಕಾರಿಪುರ, ಸೊರಬದ ಕಡೆ ದೀಪಾವಳಿ ಕಳೆದ ಮೇಲೆ ಬೆದರಿಸುವ ಹಬ್ಬಕ್ಕೆ ಹೋರಿಯನ್ನು ಬೇರೆಯೇ ಸಾಕುತ್ತಾರೆ. ಅದನ್ನು ಗಾಡಿಗೆ ಕಟ್ಟಿ ಹೆಂಗಸರು ಮಕ್ಕಳನ್ನು ಕೂರಿಸಿ ಜಾತ್ರೆಗೆ ಕಳಿಸಿ ನೋಡೋಣ! ಮನೆಯೊಳಗೆ ಬಾಳುವ ಪ್ರಾಣಿಗೆ ಮನೆಗೆ ತಕ್ಕ ಬದುಕು ಮಾಡಿಕೊಡುವುದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಈಗ ನಾಯಿಗೆ ಪೂರ್ತಿ ಮಂಪರು ಕೊಟ್ಟು ಮಾಡುತ್ತಾರೆ, ನೋವಿಗೂ ಔಷಧಿ ಕೊಡುತ್ತಾರೆ.

ಯಜಮಾನರುಗಳ ವಿಷಯ ಬೇರೆ. ನಾಯಿ ಆಪರೇಷನ್ ಎಂದ ಕೂಡಲೇ ಗಂಡಸರು ಯಾಕೆ ಕುರ್ಚಿಯಲ್ಲಿ ಕಾಲು ಮಡಿಸಿ ಕೂರುತ್ತಾರೋ ದೇವರಿಗೇ ಗೊತ್ತು. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ತಾವು ಆಪರೇಷನ್ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡದ್ದು ನೂರಕ್ಕೆ ಒಂದು ಕೂಡ ಇಲ್ಲ. ಇಷ್ಟು ಹೇಳಿ ಈ ಮಾತು ಬಿಡುತ್ತೇನೆ, ಇಲ್ಲದಿದ್ದರೆ ನಮ್ಮವರು ಈ ಪುಟ ಓದಿ ಕಾಫಿ ಬೇಡ ಅಂದಾರು.

ನಾಯಿಗೆ ತಾನು ಗಂಡು ಎಂಬ ಅಭಿಮಾನವೇನೂ ಇರುವುದಿಲ್ಲ. ಅದಕ್ಕಿರುವುದು ಒಂದು ಒತ್ತಡ, ವೃಷಣದಿಂದ ರಕ್ತಕ್ಕೆ ಇಳಿಯುವ ರಸದ ಒತ್ತಡ. ವೃಷಣ ತೆಗೆದರೆ ಒತ್ತಡ ಕ್ರಮೇಣ ಇಳಿಯುತ್ತದೆ. ಮಾರನೇ ದಿನಕ್ಕೇ ಅಲ್ಲ, ಕೆಲವು ವಾರ ಬೇಕು. ಆಪರೇಷನ್ ಆದ ಮೇಲೂ ಒಂದೂವರೆ ತಿಂಗಳು ಹೆಣ್ಣು ನಾಯಿಯ ಹತ್ತಿರ ಬಿಡಬೇಡಿ ಅನ್ನುವುದು ಏಕೆಂದರೆ ನಾಳದಲ್ಲಿ ಉಳಿದ ವೀರ್ಯದಿಂದ ಬಸುರಾಗುವ ಸಂಭವ ಉಂಟು.

ಆಪರೇಷನ್ ಮಾಡಿಸಿದರೆ ನಾಯಿ ಸಾಧುವಾಗಿಬಿಡುತ್ತದೆ, ಬೊಗಳುವುದು ನಿಲ್ಲಿಸುತ್ತದೆ, ಕಳ್ಳ ಬಂದರೂ ಬಾಲ ಆಡಿಸುತ್ತದೆ ಅಂತ ಕೆಲವರ ಭಯ. ಇನ್ನು ಕೆಲವರಿಗೆ ಅದೇ ಆಸೆ! ಎರಡೂ ಸರಿಯಲ್ಲ. 1976ರಲ್ಲಿ ಅಮೆರಿಕದಲ್ಲಿ 42 ಬೆಳೆದ ಗಂಡು ನಾಯಿಗಳನ್ನು ನೋಡಿ ಲೆಕ್ಕ ಹಾಕಿದ್ದರು. ಹತ್ತರಲ್ಲಿ ಒಂಬತ್ತರಷ್ಟು ನಾಯಿಗಳ ಅಲೆದಾಟ ಕಡಿಮೆಯಾಗಿತ್ತು. ಗಂಡು ಗಂಡುಗಳ ಜಗಳ, ಏರುವ ಚಾಳಿ ಮೂರರಲ್ಲಿ ಎರಡು ಪಾಲು ನಾಯಿಗಳಲ್ಲಿ ತಗ್ಗಿತ್ತು. ಮನೆಯೊಳಗೆ ಅಲ್ಲಲ್ಲಿ ಉಚ್ಚೆ ಹೊಯ್ದು ಗುರುತು ಹಾಕುವುದು ಅರ್ಧದಷ್ಟು ನಾಯಿಗಳಲ್ಲಿ ಮಾತ್ರ. ಕಾವಲು ಕಾಯುವುದು, ಬೊಗಳುವುದು ಆ ರಸದಿಂದ ಬಂದದ್ದಲ್ಲ, ಅವು ಉಳಿಯುತ್ತವೆ. ಹೆದರಿಕೆಯಿಂದ ಕಚ್ಚುವ ನಾಯಿಗೆ ಇದು ಮದ್ದಲ್ಲ. ಅಂಥ ಪುಕ್ಕಲು ನಾಯಿ ಆಪರೇಷನ್ ಆದ ಮೇಲೆ ಇನ್ನಷ್ಟು ಹೆದರುವುದೂ ಉಂಟಂತೆ. ಪಟಾಕಿ ಸದ್ದಿಗೆ ಮಂಚದಡಿ ಸೇರುವ, ಅಪರಿಚಿತರು ಕೈ ಚಾಚಿದರೆ ಗುರ್ ಅನ್ನುವ ನಾಯಿ ನಿಮ್ಮದಾದರೆ ಅವಸರ ಮಾಡದೆ ಡಾಕ್ಟರಿಗೆ ಈ ಸ್ವಭಾವವನ್ನು ಬಿಡಿಸಿ ಹೇಳಿ. ಭದ್ರಾವತಿಯ ಸೋದರಿ ಬರೆದ ಕಾಲು ತಬ್ಬುವ ಚಾಳಿ ಎಳೆಯ ನಾಯಿಗಳಿಗೆ ಬರಿಯ ಖುಷಿಯಿಂದಲೂ ಬರುತ್ತದೆ. ಆಗ ಕಿರುಚಬೇಡಿ, ನಗಲೂಬೇಡಿ. ಎದ್ದು ಬೇರೆ ಕೋಣೆಗೆ ನಡೆಯಿರಿ. ಹದಿನೈದು ದಿನ ಮನೆಮಂದಿಯೆಲ್ಲ ಹೀಗೆ ಮಾಡಿದರೆ ಅರ್ಧ ಕಡಿಮೆಯಾಗುತ್ತದೆ. ತಾತ ನಕ್ಕು ಮುದ್ದಿಸಿ, ಅಮ್ಮ ಒಬ್ಬಳೇ ಗದರಿದರೆ ಯಾವ ಆಪರೇಷನ್ನೂ ಸಾಲದು.

ಈಗ "ಯಾವಾಗ" ಅನ್ನುವುದಕ್ಕೆ ಬರೋಣ. ನನ್ನ ಮಟ್ಟಿಗೆ ಇದೇ ಮುಖ್ಯ. ಆರು ತಿಂಗಳು ಅನ್ನುವ ಲೆಕ್ಕ ಎಲ್ಲ ನಾಯಿಗೂ ಒಂದೇ ಅಲ್ಲ. ಎಳೆಯ ಪ್ರಾಣಿಯ ಮೂಳೆಯ ತುದಿಯಲ್ಲಿ ಬೆಳೆಯುವ ಮೆತ್ತನೆಯ ಭಾಗವೊಂದಿರುತ್ತದೆ. ಬೆಳೆದದ್ದು ಸಾಕು, ಇನ್ನು ಗಟ್ಟಿಯಾಗು ಅಂತ ಅದಕ್ಕೆ ಸೂಚನೆ ಕೊಡುವುದು ಇದೇ ವೃಷಣದ ರಸ. ಬೇಗ ತೆಗೆದುಬಿಟ್ಟರೆ ಕಾಲಿನ ಮೂಳೆ ತುಸು ಹೆಚ್ಚೇ ಉದ್ದ ಬೆಳೆದು ಕೀಲಿನ ಕೂಡಿಕೆ ಹದ ತಪ್ಪುತ್ತದೆ. ಸಣ್ಣ ನಾಯಿಗೆ ಇದರಿಂದ ಏನೂ ತೊಂದರೆ ಇಲ್ಲ. ಭಾರದ ನಾಯಿಗೆ ಸೊಂಟ, ಮೊಣಕಾಲು ನೋವಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳ ಬಗ್ಗೆ, 2020ರಲ್ಲಿ 35 ತಳಿಗಳ ಬಗ್ಗೆ ಪ್ರಕಟಿಸಿದ್ದು ಇದನ್ನೇ. ಅವರ ಸಲಹೆಯಂತೆ ಗೋಲ್ಡನ್ ರಿಟ್ರೀವರ್ ಗಂಡಿಗೆ ವರ್ಷ ದಾಟಬೇಕು, ಜರ್ಮನ್ ಶೆಫರ್ಡಿಗೆ ಎರಡು ವರ್ಷದ ಹತ್ತಿರ ಬರಬೇಕು, ಲ್ಯಾಬ್ರಡಾರ್ ಗಂಡಿಗೆ ಆರು ತಿಂಗಳಾದರೂ ಕಳೆದಿರಬೇಕು. ಮಿಶ್ರ ತಳಿಯಾದರೆ ತೂಕ ನೋಡಿ: ಬೆಳೆದಾಗ 20 ಕಿಲೋ ಮೀರುವಂಥದಾದರೆ ವರ್ಷ ತುಂಬಲಿ. ಪಾಮೇರಿಯನ್ ಥರದ ಸಣ್ಣ ನಾಯಿಗೆ ಆರೇಳು ತಿಂಗಳಿಗೆ ಮಾಡಿಸಿದರೂ ಕೀಲಿನ ಚಿಂತೆಯಿಲ್ಲ.

ಹಾಗಾಗಿ ಭದ್ರಾವತಿಯ ಸೋದರಿಗೆ ನನ್ನ ಮಾತು: ತಡವೇನೂ ಆಗಿಲ್ಲ, ಮಗನಿಗೆ ಸಮಾಧಾನ ಹೇಳಿ. ನಿಮ್ಮದು ಕಾಂಪೌಂಡಿನೊಳಗೇ ಇರುವ, ಹಗ್ಗ ಹಿಡಿದೇ ಹೊರಗೆ ಹೋಗುವ ನಾಯಿ ಅಂತ ಬರೆದಿದ್ದೀರಿ. ಬೊಜ್ಜು ಬರುವ ಜಾತಿ ಬೇರೆ. ವರ್ಷ, ವರ್ಷದ ಮೇಲೆ ಎರಡು ತಿಂಗಳಾಗಲಿ. ಅಲ್ಲಿಯವರೆಗೆ ಗೇಟಿನ ಚಿಲಕ ಭದ್ರವಾಗಿರಲಿ. ಹಾಲಿನವನು ಬಂದಾಗ ತೆರೆದ ಗೇಟು ಮರೆತು ಬಿಟ್ಟರೆ ಮಾತ್ರ ಈ ಸಲಹೆ ಕೆಲಸಕ್ಕೆ ಬರುವುದಿಲ್ಲ.

ಒಂದು ಸಂಗತಿ ಮಾತ್ರ ಮುಂದೂಡಬೇಡಿ. ಆರು ತಿಂಗಳಾದರೂ ನಾಯಿಯ ಎರಡು ಬೀಜದಲ್ಲಿ ಒಂದು ಕೆಳಗಿಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದ್ದರೆ ಅದರಲ್ಲಿ ಗಂತಿ ಬೆಳೆಯುವ ಭಯ ಹೆಚ್ಚು. ಅಂಥದ್ದನ್ನು ತೆಗೆಸಲೇಬೇಕು. ಸ್ನಾನ ಮಾಡಿಸುವಾಗ ಒಮ್ಮೆ ಕೈಯಾಡಿಸಿ ನೋಡಿ. ನಾಚಿಕೆ ಪಡಬೇಡಿ, ಮಕ್ಕಳನ್ನು ಹೆತ್ತು ಸಾಕಿದವರು ನಾವು. ಐದಾರು ವರ್ಷ ದಾಟಿದ ಗಂಡು ನಾಯಿ ಮಲ ವಿಸರ್ಜನೆಗೆ ತಿಣುಕುವುದು, ಮೂತ್ರದಲ್ಲಿ ರಕ್ತ ಹನಿಯುವುದು ಕಂಡರೂ ಡಾಕ್ಟರಲ್ಲಿಗೆ ಹೋಗಿ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರಬಹುದು, ಅದಕ್ಕೂ ಇದೇ ಆಪರೇಷನ್ ಪರಿಹಾರ. ವಯಸ್ಸಾಯಿತೆಂದು ಹೆದರಬೇಕಾಗಿಲ್ಲ, ರಕ್ತಪರೀಕ್ಷೆ ಮಾಡಿ ಮುಂದುವರಿಯುತ್ತಾರೆ.

ನಮ್ಮ ಕೆಂಚನದು ಹೇಗಾಯಿತು ಹೇಳುತ್ತೇನೆ. ಕೆಂಚ ಅಪ್ಪಟ ನಾಟಿ ನಾಯಿ, ಹದಿನಾರು ಕಿಲೋ. ಹದಿನಾಲ್ಕು ತಿಂಗಳಾದಾಗ ಮಾಡಿಸಿದೆವು. ನಮ್ಮ ಶಿವಮೊಗ್ಗದವರ ಪುಣ್ಯ, ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೊಳೆ ಸೇತುವೆ ದಾಟಿ ಆಟೋದಲ್ಲಿ ಕರೆದುಕೊಂಡು ಹೋದೆವು. ಬೇರೆ ಊರಿನವರು ನಿಮ್ಮ ಸರಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಎಲ್ಲ ಕಡೆ ನಾಯಿಗೆ ಮಂಪರು ಕೊಡುವ ಅನುಕೂಲ ಇರುವುದಿಲ್ಲ. ಋತುವಿನ ವಿಷಯದಲ್ಲಿ ನನ್ನದೊಂದು ಹಟ: ಆಷಾಢ ಶ್ರಾವಣದ ಜಡಿಮಳೆಯಲ್ಲಿ ಬೇಡ, ಹೊಲಿಗೆ ಒದ್ದೆಯಾಗದಂತೆ ಕಾಯುವುದೇ ಒಂದು ವ್ರತ. ಗಣೇಶನ ಹಬ್ಬ ಕಳೆದು ಪಿತೃಪಕ್ಷ ಬರುತ್ತದಲ್ಲ, ಆಗ ಮಾಡಿಸಿದರೆ ಕಾರ್ತಿಕದ ಹೊತ್ತಿಗೆ ನಾಯಿಯ ರಕ್ತ ತಣಿಯುತ್ತ ಬಂದಿರುತ್ತದೆ. ಪಿತೃಪಕ್ಷದಲ್ಲಿ ಶುಭಕಾರ್ಯ ಬೇಡ ಅನ್ನುವವರಿಗೆ, ಇದು ಮದುವೆಯಲ್ಲ ತಾಯಿ!

ಹಿಂದಿನ ರಾತ್ರಿ ಎಂಟಕ್ಕೆ ಊಟ ಹಾಕಿ ಆಮೇಲೆ ಏನೂ ಕೊಡಲಿಲ್ಲ. ನೀರು ಬೆಳಿಗ್ಗೆಯವರೆಗೆ. ಈ ಉಪವಾಸ ಏಕೆಂದರೆ ಮಂಪರಿನಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪಾಪ ಅಂತ ಕದ್ದು ಬಿಸ್ಕತ್ತು ಹಾಕುವ ಅಜ್ಜಿ ತಾತಂದಿರ ಮೇಲೆ ಆ ರಾತ್ರಿ ಕಣ್ಣಿಡಿ. ಹೊಟ್ಟೆ ಕೊಯ್ಯುವ ಕೆಲಸವಲ್ಲ. ಬೀಜದ ಚೀಲದ ಮುಂದೆ ಸಣ್ಣ ಗಾಯ ಮಾಡಿ ಎರಡನ್ನೂ ತೆಗೆದು ಹೊಲಿಗೆ ಹಾಕುತ್ತಾರೆ. ಸಂಜೆಗೆ ಮನೆಗೆ ಬಂದೆವು. ಅಂದು ಬರೀ ತೂರಾಟ, ಒಂದಿಷ್ಟು ನೀರು, ರಾತ್ರಿ ಎರಡು ತುತ್ತು ಮೆತ್ತನೆ ಅನ್ನ. ನೆಲದಲ್ಲೇ ಹಳೇ ಕಂಬಳಿ ಹಾಸಿದೆ, ಮೇಲಿಂದ ಬೀಳಬಾರದಲ್ಲ.

ಕಷ್ಟ ಅಂದರೆ ಆಮೇಲಿನ ಹತ್ತು ದಿನ. ನಾಯಿಗೆ ಗಾಯ ನೆಕ್ಕುವ ಚಪಲ. ನೆಕ್ಕಿದರೆ ಹೊಲಿಗೆ ಬಿಚ್ಚಿ ಕೀವಾಗುತ್ತದೆ. ಅದಕ್ಕೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಆಲಿಕೆಯಂಥ ಕಾಲರ್ ಹಾಕಿ ಕಳಿಸುತ್ತಾರೆ. ಅದನ್ನು ಹಾಕಿಕೊಂಡು ಕೆಂಚ ಬಾಗಿಲಿಗೆಲ್ಲ ಢಿಕ್ಕಿ ಹೊಡೆಯುತ್ತ, ನನ್ನ ಮಂಡಿ ಹಿಂದೆ ಚುಚ್ಚುತ್ತ ತಿರುಗಿದ. ಅವನ ಮುಖ ನೋಡಲಾರದೆ ಬಿಚ್ಚಿಬಿಡೋಣ ಅನ್ನಿಸುತ್ತದೆ, ಬಿಚ್ಚಬೇಡಿ. ಸ್ನಾನವಿಲ್ಲ, ಓಟವಿಲ್ಲ, ಮೆಟ್ಟಿಲು ಹಾರುವುದಿಲ್ಲ. ಗಾಯಕ್ಕೆ ಅರಿಶಿನ, ಎಣ್ಣೆ ಮೆತ್ತಬೇಡಿ. ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ: ನಮ್ಮ ಡಬ್ಬಿಯ ನೋವಿನ ಮಾತ್ರೆ, ಜ್ವರದ ಮಾತ್ರೆ ಅರ್ಧ ಮುರಿದು ಕೊಡುವ ಸಾಹಸ ಬೇಡ. ನಾಯಿಗೆ ಅವು ವಿಷವಾಗಬಲ್ಲವು, ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣವನ್ನೇ ತೆಗೆಯುತ್ತದೆ. ಬೀಜದ ಚೀಲ ಎರಡು ಮೂರು ದಿನ ತುಸು ಊದಿಕೊಂಡಂತೆ ಕಾಣುವುದು ಸಹಜ. ಊತ ದಿನೇದಿನೇ ಏರಿದರೆ, ರಕ್ತ ತೊಟ್ಟಿಕ್ಕಿದರೆ, ಒಂದು ದಿನ ಕಳೆದರೂ ಅನ್ನ ಮುಟ್ಟದಿದ್ದರೆ ಮಾತ್ರ ಕೂಡಲೇ ಹೊರಡಿ.

ಅತ್ತೆಯವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಕಾಲರಿನೊಳಗೆ ಕೈ ತೂರಿಸಿ ಮೊಸರನ್ನ ತಿನ್ನಿಸುತ್ತಿದ್ದಾರೆ. "ನಿನ್ನ ಹಾಗೇ ಹಟಮಾರಿ, ತಟ್ಟೆಯಲ್ಲಿಟ್ಟರೆ ತಿನ್ನುವುದಿಲ್ಲ" ಅಂದರು. ಈಗ ಕೆಂಚನಿಗೆ ಐದು ವರ್ಷ. ಪೋಸ್ಟ್‌ಮನ್ ಬಂದರೆ ಮೊದಲಿನ ಹಾಗೇ ಹಾರಾಡುತ್ತಾನೆ. ನಮ್ಮವರ ಸ್ಕೂಟರಿನ ಚಕ್ರಕ್ಕೆ ಕಾಲೆತ್ತುವುದನ್ನೂ ಬಿಟ್ಟಿಲ್ಲ. ಕಾರ್ತಿಕದಲ್ಲಿ ಊರ ನಾಯಿಯೆಲ್ಲ ಗುಂಪು ಕಟ್ಟಿ ಓಡುವಾಗ ಗೇಟಿನ ಹತ್ತಿರ ನಿಂತು ನೋಡಿ, ಒಳಗೆ ಬಂದು ಮಲಗುತ್ತಾನೆ.

ಆಪರೇಷನ್ ಆದ ನಾಯಿ ದಪ್ಪಗಾಗುತ್ತದೆ ಅನ್ನುವುದು ನಿಜ, ಆದರೆ ದಪ್ಪ ಮಾಡುವುದು ಆಪರೇಷನ್ ಅಲ್ಲ, ನಮ್ಮ ಸೌಟು. ಅದಕ್ಕೆ ಬೇಕಾದ ಆಹಾರ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ನಾಲ್ಕು ಚಪಾತಿಯ ನಾಯಿಗೆ ಮೂರು ಹಾಕಿ. ಅನ್ನ, ಮುದ್ದೆ ಇಳಿಸಿ, ಬೇಯಿಸಿದ ಕುಂಬಳಕಾಯಿ, ಹುರುಳಿಕಾಯಿ ಏರಿಸಿ. ಮೊಟ್ಟೆಯೋ ಮಾಂಸವೋ ನಿಮ್ಮ ಮನೆಯ ಪದ್ಧತಿಯಂತೆ. ಈರುಳ್ಳಿ ಬಿದ್ದ ಹುಳಿ, ಸಾಂಬಾರು ಉಳಿಯಿತೆಂದು ಸುರಿಯಬೇಡಿ, ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಯೂ ಆಗದು. ಬೆರಳಿಗೆ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಅದೇ ತಕ್ಕಡಿ.

ಬೆಕ್ಕಿನ ಮನೆಯವರು ನಮ್ಮನ್ನು ಮರೆತರೇ ಅನ್ನಬೇಡಿ. ಗಂಡು ಬೆಕ್ಕಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹೊರಗೆ ತಿರುಗುವ ಬೆಕ್ಕಾದರೆ ಐದಾರು ತಿಂಗಳಿಗೇ ಮಾಡಿಸಿ. ಆ ವಯಸ್ಸು ದಾಟಿದ ಗಂಡು ಬಾಗಿಲು, ಸೋಫಾ, ಒಣಹಾಕಿದ ಸೀರೆಗೆಲ್ಲ ಬೆನ್ನು ತಿರುಗಿಸಿ ಎರಚುತ್ತದೆ. ಆ ವಾಸನೆ ಫಿನಾಯಿಲಿಗೂ ಹೋಗದು. ಆಪರೇಷನ್ ಆದ ಹತ್ತು ಬೆಕ್ಕಿನಲ್ಲಿ ಸುಮಾರು ಒಂಬತ್ತು ಈ ಅಭ್ಯಾಸ ಬಿಡುತ್ತವೆ. ಬೇಗ ಮಾಡಿಸಿದರೆ ಮೂತ್ರನಾಳ ಕಿರಿದಾಗುತ್ತದೆ ಅನ್ನುವ ಹಳೆಯ ಮಾತಿಗೆ ಆಧಾರ ಸಿಕ್ಕಿಲ್ಲ. ಆದರೆ ಗಂಡು ಬೆಕ್ಕು ಕೊಬ್ಬಿದರೆ, ನೀರು ಕಡಿಮೆ ಕುಡಿದರೆ ಮೂತ್ರ ಕಟ್ಟುವ ಅಪಾಯ ಇದ್ದೇ ಇದೆ. ತಿಣುಕಿ ತಿಣುಕಿ ಹನಿಯೂ ಬರದಿದ್ದರೆ ರಾತ್ರಿಯಾದರೂ ಡಾಕ್ಟರನ್ನು ಹುಡುಕಿ.

ಕೊನೆಗೆ ಒಬ್ಬ ನೆರೆಯವರು ನನ್ನನ್ನು ಕೇಳಿದ ಪ್ರಶ್ನೆ. "ನಿಮ್ಮ ಒಂದು ಗಂಡಿಗೆ ಮಾಡಿಸಿಬಿಟ್ಟರೆ ಆ ಮೋರಿ ನಾಯಿ ಬಸುರಾಗುವುದು ನಿಲ್ಲುತ್ತದೆಯೇ?" ನಿಲ್ಲುವುದಿಲ್ಲ. ಬೇರೆ ಗಂಡುಗಳಿಗೇನು ಬರವೇ? ಒಂದೇ ಸೂಲಿನ ಮರಿಗಳಿಗೆ ಇಬ್ಬರು ಮೂವರು ಅಪ್ಪಂದಿರು ಇರುವುದೂ ಉಂಟು. ಮರಿ ಕಡಿಮೆಯಾಗಬೇಕಾದರೆ ಹೆಣ್ಣಿಗೇ ಮಾಡಿಸಬೇಕು. 2023ರ ಮಾರ್ಚ್‌ನಲ್ಲಿ ಬಂದ ಕೇಂದ್ರದ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಬೀದಿ ನಾಯಿಯ ಹೊಣೆ ನಗರಸಭೆ, ಪಾಲಿಕೆಯದು. ಸಾಕಿದ ಪ್ರಾಣಿಯ ಲಸಿಕೆ, ಜಂತಿನ ಔಷಧಿ, ಸಂತಾನಹರಣದ ಹೊಣೆ ಒಡೆಯರದು. ಕಿವಿಯ ತುದಿ ಕತ್ತರಿಸಿದ ಬೀದಿ ನಾಯಿ ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಅಂತ ತಿಳಿಯಿರಿ. ನಮ್ಮ ಕ್ರಾಸಿನ ಹೆಂಗಸರು ಕಾದು ಕೂರಲಿಲ್ಲ. ಚೀಟಿ ಎತ್ತುವ ದಿನ ತಲೆಗೆ ಇಷ್ಟು ಅಂತ ಹಾಕಿದೆವು. ಮರಿಗಳು ಹಾಲು ಬಿಟ್ಟ ಮೇಲೆ ಆ ತಾಯಿ ನಾಯಿಯನ್ನು, ಅದಕ್ಕೆ ದಿನಾ ಅನ್ನ ಹಾಕುತ್ತಿದ್ದ ಇಬ್ಬರು ಸೇರಿ ಹಿಡಿದು, ಆಪರೇಷನ್ನೂ ಹುಚ್ಚುನಾಯಿ ಲಸಿಕೆಯೂ ಮಾಡಿಸಿ ತಂದರು. ಹೆಣ್ಣಿನದು ಹೊಟ್ಟೆ ತೆರೆಯುವ ದೊಡ್ಡ ಆಪರೇಷನ್, ಹಾಗಾಗಿ ಹತ್ತು ದಿನ ಒಬ್ಬರ ಕಾರ್ ಶೆಡ್ಡಿನಲ್ಲಿ ಬಾಣಂತನ. ಹೋದ ಪುಷ್ಯದಲ್ಲಿ ನಮ್ಮ ಮೋರಿಯಲ್ಲಿ ಮರಿಯಿಲ್ಲ. ಟ್ಯೂಷನ್ ಹುಡುಗನೇ ಈಗ ಅದಕ್ಕೆ ಬನ್ನು ಹಾಕುತ್ತಾನೆ.

ಹುಚ್ಚುನಾಯಿ ಲಸಿಕೆ ಬೇರೆ, ಆಪರೇಷನ್ ಬೇರೆ. ಒಂದು ಮಾಡಿಸಿದೆ ಅಂತ ಇನ್ನೊಂದು ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಹೆಚ್ಚು, ಅದರ ಲಸಿಕೆಯನ್ನೂ ಕೇಳಿ ಹಾಕಿಸಿ.

ಭದ್ರಾವತಿಯ ಸೋದರಿ, ನಿಮ್ಮ ನಾಯಿಗೆ ವರ್ಷ ತುಂಬಿದ ಮೇಲೆ ಈ ಪುಟವನ್ನು ಯಜಮಾನರ ಕಾಫಿ ಲೋಟದ ಪಕ್ಕ ಇಡಿ. ಆಸ್ಪತ್ರೆಗೆ ನೀವೇ ಹೋಗಿ, ಅವರನ್ನು ಕರೆದುಕೊಂಡು ಹೋಗಬೇಡಿ, ಅಲ್ಲಿ ಅವರನ್ನು ನೋಡಿಕೊಳ್ಳುವ ಕೆಲಸ ಬೇರೆ ಬೀಳುತ್ತದೆ. ಆ ಹತ್ತು ದಿನ ಕಾಲರ್ ಕಾಯುವ, ಗಲೀಜು ಬಳಿಯುವ ಕೆಲಸವನ್ನು ಮಾತ್ರ "ತಡವಾಯಿತು" ಅಂದ ಮಗನಿಗೇ ವಹಿಸಿ.